ಸೊನ್ನೆಯನ್ನು ಮುಟ್ಟದ ಗೆರೆ

ಪಿಯು ಕಾಲೇಜಿಗೆ ಹೊಸದಾಗಿ ಫಿಸಿಕ್ಸ್ ಕಲಿಸಲು ಸೇರಿದವರು ಆಗಾಗ ಶಿವಮೊಗ್ಗದ ಗೋಪಾಳದ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, "ಮೇಡಂ, ನಿಮ್ಮ ಅನುಭವದಿಂದ ಏನಾದ್ರೂ ಹೇಳಿ" ಎನ್ನುತ್ತಾರೆ. ಸಿಲಬಸ್ ಹೇಗೆ ಮುಗಿಸಬೇಕು, ಹಿಂದಿನ ಬೆಂಚಿನ ಗಲಾಟೆಯನ್ನು ಹೇಗೆ ಅಡಗಿಸಬೇಕು ಎನ್ನುವುದನ್ನೆಲ್ಲ ಬೇರೆಯವರು ಹೇಳಿಕೊಟ್ಟಾರು. ನನಗೆ ಹೇಳಲಿಕ್ಕಿರುವುದು ಒಂದು ಶಬ್ದದ ವಿಷಯ ಮಾತ್ರ. ಲ್ಯಾಬಿನ ಬಾಗಿಲು ತೆಗೆದ ಮೊದಲ ವಾರದಲ್ಲೇ ಅದು ನಿಮ್ಮ ಕಿವಿಗೆ ಬೀಳುತ್ತದೆ. ಕೂರಿಸೋದು.

ಗಣಪತಿ ಕೂರಿಸುತ್ತಾರಲ್ಲ, ಹಾಗೆಯೇ ನಮ್ಮ ಮಕ್ಕಳು ರೀಡಿಂಗ್ ಕೂರಿಸುತ್ತಾರೆ. ಪ್ರಯೋಗದ ಉತ್ತರ ಇಷ್ಟು ಬರಬೇಕು ಎಂದು ಪುಸ್ತಕದಲ್ಲಿ ಇರುತ್ತದೆ. ಅದನ್ನು ಮೊದಲು ಪುಟದ ಕೊನೆಗೆ ಬರೆದುಕೊಳ್ಳುವುದು. ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡುತ್ತ ಬಂದು, ಎಂಥ ರೀಡಿಂಗ್ ಬಂದಿದ್ದರೆ ಆ ಉತ್ತರ ಸಿಗುತ್ತಿತ್ತೋ ಅಂಥದ್ದನ್ನೇ ಮೇಲಿನ ಪಟ್ಟಿಯಲ್ಲಿ ತುಂಬುವುದು. ಎಲ್ಲವೂ ಒಂದೇ ಸಮ ಬಂದರೆ ಅನುಮಾನ ಬರುತ್ತದೆಂದು ಅಲ್ಲೊಂದು ಇಲ್ಲೊಂದು ಅಂಕಿಯನ್ನು ತುಸು ಏರುಪೇರು ಮಾಡುವ ನಾಜೂಕೂ ಅವರಿಗೆ ಗೊತ್ತು. ಉಪಕರಣಗಳು ಮೇಜಿನ ಮೇಲೆ ತಮ್ಮ ಪಾಡಿಗೆ ತಾವು ಇರುತ್ತವೆ.

ನಾನು ಭದ್ರಾವತಿಯ ಕಾಲೇಜಿಗೆ ವರ್ಗವಾಗಿ ಹೋದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ದಿನಾ ಶಿವಮೊಗ್ಗದಿಂದ ಬಸ್ಸು. ಮಲವಗೊಪ್ಪ ದಾಟುವಷ್ಟರಲ್ಲಿ ಸೀಟು ಸಿಕ್ಕಿದರೆ ಪುಣ್ಯ. ಮೊದಲ ದಿನ ಲ್ಯಾಬಿನಲ್ಲಿ ಒಬ್ಬಳು ಹುಡುಗಿ ನನ್ನ ಹತ್ತಿರ ಬಂದು, "ಮೇಡಂ, ಎಷ್ಟ್ ಮಾಡಿದ್ರೂ ಕೂತ್ಕೊಳ್ತಾನೇ ಇಲ್ಲ" ಎಂದಳು. ಆ ಸ್ಟೂಲ್ ಎಳ್ಕೊಂಡು ಕೂತ್ಕೊಳಮ್ಮ ಎಂದೆ. ಇಡೀ ಬ್ಯಾಚು ಬಿದ್ದು ಬಿದ್ದು ನಕ್ಕಿತು. ನಾನು ಓದುವಾಗಲೂ ಇದು ನಡೆಯುತ್ತಿತ್ತು, ನಾವು ಗುಟ್ಟಾಗಿ ಮಾಡುತ್ತಿದ್ದೆವು. ಇಲ್ಲಿ ಅದಕ್ಕೊಂದು ಹೆಸರು ಬಂದು, ಮೇಷ್ಟ್ರ ಮುಂದೆಯೇ ಹೇಳುವಷ್ಟು ಮಾನ ಮರ್ಯಾದೆಯೂ ಬಂದಿತ್ತು.

ನನ್ನ ಮೆಚ್ಚಿನ ಪ್ರಯೋಗ ಲೋಲಕದ್ದು. ದಾರಕ್ಕೊಂದು ಲೋಹದ ಗುಂಡು ಕಟ್ಟಿ ತೂಗಿಬಿಡುವುದು, ಅದು ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವುದು. ದಾರದ ಉದ್ದ ಬದಲಾಯಿಸಿ ಮತ್ತೆ ನೋಡುವುದು. ಉದ್ದವನ್ನೂ ಕಾಲದ ವರ್ಗವನ್ನೂ ಗ್ರಾಫಿನಲ್ಲಿ ಗುರುತು ಹಾಕಿದರೆ ಒಂದು ನೇರ ಗೆರೆ ಬರುತ್ತದೆ. ಹಿಂದಕ್ಕೆ ಎಳೆದರೆ ಅದು ಸೊನ್ನೆಗೆ ಬಂದು ಮುಟ್ಟುತ್ತದೆ. ಭೂಮಿ ನಮ್ಮನ್ನೆಲ್ಲ ಎಷ್ಟು ಜೋರಾಗಿ ಎಳೆಯುತ್ತಿದೆ ಎನ್ನುವುದು ಆ ಗೆರೆಯ ಓರೆಯಿಂದ ಗೊತ್ತಾಗುತ್ತದೆ. ಉತ್ತರ ಒಂಬತ್ತು ಬಿಂದು ಎಂಟು. ಒಂದು ದಾರ, ಒಂದು ಗುಂಡು, ಒಂದು ಗಡಿಯಾರ ಇಟ್ಟುಕೊಂಡು ಭೂಮಿಯ ಸ್ವಭಾವ ತಿಳಿಯಬಹುದು ಎನ್ನುವುದು ನನಗೆ ಈಗಲೂ ಸೋಜಿಗ.

ಈ ಪ್ರಯೋಗದ ದಿನ ನಾನು ತಪ್ಪದೆ ಒಬ್ಬನ ಕಥೆ ಹೇಳುತ್ತಿದ್ದೆ. ಇಟಲಿಯವನು, ನಾಲ್ಕು ನೂರು ವರ್ಷದ ಹಿಂದಿನ ಖಗೋಳಜ್ಞ. ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿ ಗುರುಗ್ರಹದ ಸುತ್ತ ಸುತ್ತುವ ಚಂದ್ರರನ್ನು ಕಂಡವನು, ತೂಗುವ ದೀಪವನ್ನು ನೋಡಿ ಲೋಲಕದ ಬಗ್ಗೆ ಯೋಚಿಸಿದವನು. ಒಂದು ವರ್ಷ ಪರೀಕ್ಷೆಯಲ್ಲಿ ಯಾರೋ ಅವನ ಹೆಸರನ್ನು 'ಗಲಿಬಿಲಿ' ಎಂದು ಬರೆದಿದ್ದರು. ನಾನು ಅದನ್ನು ತರಗತಿಯಲ್ಲಿ ಓದಿ ನಗಿಸಿದೆ. ಅಲ್ಲಿಂದ ಅವನು ಗಲಿಬಿಲಿ ತಾತ, ನಾನು ಗಲಿಬಿಲಿ ಮೇಡಂ. ಬಸ್ ಸ್ಟ್ಯಾಂಡಿನಲ್ಲೂ ಬೆನ್ನ ಹಿಂದೆ ಆ ಹೆಸರು ಕೇಳುತ್ತಿತ್ತು.

ಗಲಿಬಿಲಿ ತಾತನಿಂದ ನಾನು ಮಕ್ಕಳಿಗೆ ದಾಟಿಸಲು ಹೊರಟದ್ದು ಇಷ್ಟೇ. ಪ್ರಕೃತಿ ಯಾರ ಮುಲಾಜಿಗೂ ಬೀಳುವುದಿಲ್ಲ. ಎಷ್ಟು ಜನ ಹೇಳಿದರು, ಎಷ್ಟು ದೊಡ್ಡವರು ಹೇಳಿದರು ಎನ್ನುವುದು ಅದಕ್ಕೆ ಲೆಕ್ಕವಿಲ್ಲ. ಅಳೆದು ನೋಡಿದ ಒಬ್ಬನ ಮಾತು, ನೋಡದ ಊರಿನ ಮಾತಿಗಿಂತ ದೊಡ್ಡದು. ಕೊನೆಗೆ ಅವನ ವಿಚಾರಣೆಯ ಕಥೆ. ಭೂಮಿ ತಿರುಗುತ್ತದೆ ಎಂದದ್ದಕ್ಕೆ ಮುದುಕನನ್ನು ಮೊಣಕಾಲೂರಿಸಿ, ನಾನು ಹೇಳಿದ್ದು ತಪ್ಪು ಎಂದು ಓದಿಸಿ ಸಹಿ ಹಾಕಿಸಿದರು. ಎದ್ದು ನಿಂತವನು ನೆಲ ನೋಡಿಕೊಂಡು ಮೆಲ್ಲಗೆ, ಆದರೂ ಇದು ತಿರುಗುತ್ತಲೇ ಇದೆ ಅಂದನಂತೆ. ಇಲ್ಲಿಗೆ ಬಂದಾಗ ನಾನೂ ನೆಲ ನೋಡಿಕೊಂಡು ದನಿ ತಗ್ಗಿಸುತ್ತಿದ್ದೆ.

ನಾಗವೇಣಿ ನನಗೆ ಪರಿಚಯವಾದದ್ದು ಒಂದು ಗ್ರಹಣದ ದಿನ. ಆ ವರ್ಷ ದೀಪಾವಳಿಯ ಹೊತ್ತಿಗೇ ಸೂರ್ಯಗ್ರಹಣ ಬಂದಿತ್ತು. ಮಕ್ಕಳಿಗೆ ತೋರಿಸುತ್ತೇನೆ, ರಜೆಯಿದ್ದರೂ ಮೈದಾನದ ಗೇಟು ತೆಗೆಸಿಕೊಡಿ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. ಅವರು ಸ್ವತಃ ಎಂಎಸ್ಸಿ ಮಾಡಿದವರು.

"ನಿಮಗೇನ್ ಬಂದಿದೆ ಮಾರಾಯ್ರೆ? ಗ್ರಹಣದಲ್ಲಿ ವಯಸ್ಸಿಗೆ ಬಂದ ಹೆಣ್ಮಕ್ಕಳನ್ನ ಬಯಲಲ್ಲಿ ನಿಲ್ಲಿಸ್ತೀರಾ? ನಾಳೆ ಯಾರ್ದಾದ್ರೂ ಕಣ್ಣು ಹೋದ್ರೆ, ಯಾರ್ದಾದ್ರೂ ಮದುವೆ ತಪ್ಪಿದ್ರೆ, ಎಲ್ಲಾ ನನ್ನ ತಲೆಗೇ ಬರೋದು."

ಗೇಟು ತೆಗೆಯಲಿಲ್ಲ. ನಾನು ಹಟಕ್ಕೆ ಬಿದ್ದು ಬೆಳಿಗ್ಗೆ ಗೇಟಿನ ಹೊರಗೆ ರಸ್ತೆಯಲ್ಲೇ ನಿಂತೆ. ಭದ್ರಾವತಿಯ ರಸ್ತೆಗಳಲ್ಲಿ ನಾಯಿ ಕೂಡ ಇರಲಿಲ್ಲ. ಬರುತ್ತೇವೆ ಎಂದಿದ್ದ ಮಕ್ಕಳಲ್ಲಿ ಬಂದವಳು ಒಬ್ಬಳೇ, ಎರಡನೇ ಪಿಯುಸಿಯ ನಾಗವೇಣಿ. ಜನ್ನಾಪುರದವಳು, ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಜೊತೆಯಲ್ಲಿ ಅವಳ ತಂದೆ ಹನುಮಂತಪ್ಪ. ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ ಅವರು, ವೆಲ್ಡಿಂಗಿಗೆ ಮುಖದ ಮುಂದೆ ಹಿಡಿಯುವ ದಟ್ಟ ಕಪ್ಪು ಗಾಜನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು.

"ನಮ್ಮವ್ವ ಮನೇಲಿ ಬೈತಾ ಕೂತದೆ ಮೇಡಂ," ಎಂದರು. "ಇವ್ಳು ಕೇಳ್ಬೇಕಲ್ಲ. ನೋಡಿದ್ರೇ ಗೊತ್ತಾಗೋದು ಅಂತ ನೀವು ಹೇಳಿದ್ರಂತೆ."

ಮೂವರೂ ಸರದಿಯಲ್ಲಿ ಗಾಜು ಹಿಡಿದು ನೋಡಿದೆವು. ಸೂರ್ಯನನ್ನು ಒಂದು ಕಡೆಯಿಂದ ಕಚ್ಚಿದಂತಿತ್ತು. ಆಮೇಲೆ ನಾಗವೇಣಿ ಮೇಲೆ ನೋಡುವುದನ್ನು ಬಿಟ್ಟು ರಸ್ತೆ ಬದಿಯ ಹೊಂಗೆ ಮರದ ನೆರಳನ್ನು ನೋಡುತ್ತ ನಿಂತಳು. ನೆಲದ ತುಂಬ ಪುಟ್ಟ ಪುಟ್ಟ ಕುಡುಗೋಲಿನ ಆಕಾರದ ಬೆಳಕು ಬಿದ್ದಿತ್ತು.

"ಮೇಡಂ, ಎಲೆ ಸಂದಿ ಒಂದೊಂದೂ ಒಂದೊಂದ್ ಥರ ಇದೆ. ಬೆಳಕು ಮಾತ್ರ ಎಲ್ಲಾ ಒಂದೇ ಥರ ಬಿದ್ದಿದೆ. ಅಂದ್ರೆ ಇದು ಸಂದಿ ಆಕಾರ ಅಲ್ಲ. ಸೂರ್ಯಂದೇ."

ಅದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಪಾಠದಲ್ಲಿ ಅದು ಇರಲೂ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು. ಅಂಥದ್ದು ಮತ್ತೆ ಆಗಲಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹುರುಪಿನಲ್ಲಿ ಅಪ್ಪ ಮಗಳಿಬ್ಬರಿಗೂ ಗಲಿಬಿಲಿ ತಾತನ ಕಥೆಯನ್ನು ಇನ್ನೊಮ್ಮೆ ಹೇಳಿದೆ. ಮುದುಕ ಮೊಣಕಾಲಿನಿಂದ ಎದ್ದು ಮೆಲ್ಲಗೆ ಆ ಮಾತು ಹೇಳಿದ ಎಂದಾಗ ಹನುಮಂತಪ್ಪನವರು "ಗಟ್ಟಿ ಕುಳ" ಎಂದು ತಲೆದೂಗಿದರು. ನಾಗವೇಣಿ ಮಾತ್ರ ಹುಬ್ಬು ಗಂಟು ಹಾಕಿಕೊಂಡಳು.

"ಅಷ್ಟ್ ಮೆಲ್ಲಗೆ ಹೇಳಿದ್ರೆ ಕೇಳಿಸ್ಕೊಂಡವರು ಯಾರು ಮೇಡಂ?"

"ತಲೆಹರಟೆ" ಎಂದು ನಕ್ಕು ಅವಳ ಬೆನ್ನಿಗೊಂದು ಮೃದುವಾಗಿ ಹೊಡೆದೆ.

ಆ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪ್ರಯೋಗದ ಚೀಟಿ ಎತ್ತಿದಾಗ ನಾಗವೇಣಿಗೆ ಬಂದದ್ದು ಲೋಲಕ. ನನಗೆ ಒಳಗೊಳಗೇ ಹಿಗ್ಗು. ಎಕ್ಸ್‌ಟರ್ನಲ್ ಆಗಿ ಬೇರೆ ಊರಿನಿಂದ ಒಬ್ಬ ಹಿರಿಯ ಪರೀಕ್ಷಕರು ಬಂದಿದ್ದರು. ಕೆಟ್ಟವರೇನಲ್ಲ, ಊಟಕ್ಕೆ ಮುಂಚೆ ಒಂದು ಬ್ಯಾಚು, ಆಮೇಲೆ ಒಂದು ಬ್ಯಾಚು ಮುಗಿಸಿ ಸಂಜೆ ಬಸ್ಸು ಹಿಡಿಯುವ ಆತುರ. ನಾಗವೇಣಿ ಮಧ್ಯಾಹ್ನದ ಬ್ಯಾಚಿನಲ್ಲಿದ್ದಳು. ಹೊತ್ತು ಮುಗಿಯುತ್ತ ಬಂದರೂ ಅವಳು ದಾರವನ್ನು ಮತ್ತೆ ಮತ್ತೆ ಅಳೆಯುತ್ತಿದ್ದಳು, ಬೇರೆ ಮಕ್ಕಳೆಲ್ಲ ಉತ್ತರ ಪತ್ರಿಕೆ ಕಟ್ಟಿ ಹೊರಟಿದ್ದರು.

ಅವಳ ಪತ್ರಿಕೆಯನ್ನು ಎಕ್ಸ್‌ಟರ್ನಲ್ ನನ್ನ ಕಡೆ ತಳ್ಳಿದರು.

"ಇದೇನ್ರೀ ಇದು? ಗೆರೆ ಸೊನ್ನೆ ಹತ್ರಾನೂ ಸುಳಿದಿಲ್ಲ. ಎರಡೆರಡು ಉತ್ತರ ಬೇರೆ ಬರ್ದಿದ್ದಾಳೆ."

ನೋಡಿದೆ. ಗೆರೆ ನೇರವಾಗಿತ್ತು, ಆದರೆ ಸೊನ್ನೆಯಿಂದ ಪಕ್ಕಕ್ಕೆ ಸರಿದು ಹೋಗಿತ್ತು. ಪಟ್ಟಿಯಿಂದ ಲೆಕ್ಕ ಮಾಡಿದರೆ ಉತ್ತರ ಹತ್ತನ್ನು ದಾಟುತ್ತಿತ್ತು. ಗೆರೆಯ ಓರೆಯಿಂದ ಮಾಡಿದರೆ ಒಂಬತ್ತು ಬಿಂದು ಎಂಟರ ಹತ್ತಿರ. ಕೆಳಗೆ ಅವಳು ಬರೆದಿದ್ದಳು: ಉದ್ದದ ಎಲ್ಲ ಅಳತೆಗಳಲ್ಲೂ ಒಂದೇ ಮೊತ್ತದ ತಪ್ಪಿದೆ, ಇಲ್ಲದಿದ್ದರೆ ಗೆರೆ ಹೀಗೆ ಸರಿಯುವುದಿಲ್ಲ. ಸ್ಕೇಲನ್ನು ಪರೀಕ್ಷಿಸಿದೆ. ಅದರ ಒಂದು ತುದಿಯನ್ನು ಕತ್ತರಿಸಲಾಗಿದೆ. ಆದ್ದರಿಂದ ಓರೆಯಿಂದ ಬಂದ ಉತ್ತರವೇ ಸರಿ.

ನಾನು ಅವಳ ಮೇಜಿಗೆ ಹೋಗಿ ಸ್ಕೇಲು ತೆಗೆದುಕೊಂಡೆ. ಲಕ್ಷಣವಾದ ಮರದ ಮೀಟರ್ ಸ್ಕೇಲು. ಇನ್ನೊಂದನ್ನು ಪಕ್ಕದಲ್ಲಿ ಹಿಡಿದರೆ ನಾಲ್ಕು ಬೆರಳಿನಷ್ಟು ಗಿಡ್ಡ. ಉಳಿದದ್ದರಲ್ಲಿ ಮೊದಲ ಅಂಕಿಗಳು ಎಷ್ಟೋ ಮಕ್ಕಳ ಕೈಯಲ್ಲಿ ಸವೆದು, ಅದು ಸೊನ್ನೆಯಿಂದ ಶುರುವಾಗುವುದಿಲ್ಲ ಎಂಬುದು ಕಾಣುತ್ತಿರಲಿಲ್ಲ. ತುದಿ ಎಷ್ಟು ನುಣುಪಾಗಿತ್ತೆಂದರೆ ಹುಟ್ಟಿದ್ದೇ ಹಾಗೆ ಎನ್ನಬೇಕು. ಅಟೆಂಡರ್ ತಂಗವೇಲು ಪಕ್ಕದಲ್ಲೇ ನಿಂತಿದ್ದ.

"ಅದಾ ಅಮ್ಮಾ? ತುದಿ ಮುರ್ದು ಸೀಳು ಎದ್ದಿತ್ತು. ಪಾಪ, ಮಕ್ಕಳ ಕೈಗೆ ಚುಚ್ಚುತ್ತೆ ಅಂತ ನಾನೇ ಗರಗಸದಲ್ಲಿ ಕುಯ್ದು, ಉಪ್ಪುಕಾಗದ ಹಾಕಿ ಉಜ್ಜಿದೆ. ನೀವು ಈ ಕಾಲೇಜಿಗೆ ಬರಕ್ ಮುಂಚೆ."

ನಾನು ಬರುವ ಮುಂಚೆ! ಅಂದರೆ ಇಷ್ಟು ವರ್ಷ ಪ್ರತಿ ಬ್ಯಾಚಿನಲ್ಲೂ ಯಾರೋ ಒಬ್ಬರು ಆ ಸ್ಕೇಲಿನಲ್ಲಿ ಅಳೆದಿದ್ದರು. ಅದರಲ್ಲಿ ಅಳೆದು ಗೆರೆಯನ್ನು ಸೊನ್ನೆಗೆ ಮುಟ್ಟಿಸುವುದು ಸಾಧ್ಯವೇ ಇರಲಿಲ್ಲ. ಪ್ರತಿ ವರ್ಷವೂ ಮುಟ್ಟಿತ್ತು. ನಾನು ಅವಕ್ಕೆಲ್ಲ ಕೆಂಪು ಶಾಯಿಯಲ್ಲಿ ರೈಟ್ ಹಾಕಿದ್ದೆ.

ಎರಡು ಸ್ಕೇಲನ್ನೂ ಎಕ್ಸ್‌ಟರ್ನಲ್ ಮುಂದೆ ಜೋಡಿಸಿ ಹಿಡಿದೆ.

"ಸರಿ ಮೇಡಂ, ಕುಯ್ದಿದ್ದಾರೆ. ಆದ್ರೆ ಮಾರ್ಕ್ಸ್ ಕೊಡೋ ಸ್ಕೀಮಿನಲ್ಲಿ ಏನಿದೆ? ಗೆರೆ ಸೊನ್ನೆ ಮೂಲಕ ಹೋಗ್ಬೇಕು ಅಂತಿದೆ. ಕಾರಣಕ್ಕೆ ಮಾರ್ಕ್ಸ್ ಇಲ್ಲ. ಅಲ್ಲಾ, ಬೆಳಿಗ್ಗೆ ಬ್ಯಾಚಲ್ಲಿ ಅದೇ ಮೇಜು, ಅದೇ ಸ್ಕೇಲು. ಆ ಹುಡುಗನಿಗೆ ಕರೆಕ್ಟಾಗಿ ಬಂತಲ್ಲ?"

"ಕೂರಿಸಿದ್ದಾನೆ ಸರ್."

"ಏನಂದ್ರಿ? ನಿಮ್ಮ ಹುಡುಗ್ರು ಕಳ್ಳಲೆಕ್ಕ ಬರೀತಾರೆ ಅಂತ ನೀವೇ ಹೇಳ್ತೀರಾ? ಹಂಗಂತ ಮೇಲಿನವರಿಗೆ ಬರೀಲಾ? ಇಡೀ ಬ್ಯಾಚಿಗೆ ಏನಾಗುತ್ತೆ ಗೊತ್ತಾ?"

ಮಾತಿಗೆ ಮಾತು ಬೆಳೆಯಿತು. ಅಳೆದವಳನ್ನು ಬಿಟ್ಟು ಕದ್ದವನಿಗೆ ಮಾರ್ಕ್ಸ್ ಕೊಡುತ್ತೀರಾ ಎಂದು ನಾನು ಕೂಗಿದೆ. ಪ್ರಿನ್ಸಿಪಾಲರು ಓಡಿ ಬಂದರು. ಎಕ್ಸ್‌ಟರ್ನಲ್ ಕೋಪದಲ್ಲಿ ಪೆನ್ನು ತೆಗೆದು ಗ್ರಾಫಿನ ಅಂಕ ಹೊಡೆದುಹಾಕಿದರು, ಉತ್ತರದ ಅಂಕವನ್ನೂ ಹೊಡೆದುಹಾಕಿದರು, ವೈವಾದ ಬಾಯಿಪ್ರಶ್ನೆಗಳಲ್ಲೂ ಕೈ ಬಿಗಿ ಹಿಡಿದರು. ನಾನು ಸುಮ್ಮನಿದ್ದಿದ್ದರೆ ಅಷ್ಟು ಕಡಿಮೆ ಆಗುತ್ತಿರಲಿಲ್ಲವೋ ಏನೋ. ಸತ್ಯದ ಪರವಾಗಿ ನಾನು ಎತ್ತಿದ ದನಿಯ ಬೆಲೆಯನ್ನು ತೆತ್ತವಳು ಅವಳು. ಹೊರಗೆ ಕಾರಿಡಾರಿನಲ್ಲಿ ಅವಳು ನಿಂತೇ ಇದ್ದಳು.

"ಸರಿ ಬರ್ದಿದ್ದೀನಿ ಅಲ್ವಾ ಮೇಡಂ?"

"ಸರಿಯಾಗೇ ಬರ್ದಿದ್ದೀಯಮ್ಮ."

ಅದು ನಿಜವೇ ಆಗಿತ್ತು. ಅಷ್ಟು ಕಹಿಯಾದ ನಿಜವನ್ನು ನಾನು ಬೇರೆ ಯಾರಿಗೂ ಹೇಳಿಲ್ಲ.

ಆಗ ಇಂಜಿನಿಯರಿಂಗ್ ಸೀಟಿಗೆ ಪಿಯುಸಿ ಅಂಕವನ್ನೂ ಸೇರಿಸಿ ರ್ಯಾಂಕ್ ಕೊಡುತ್ತಿದ್ದರು. ನಾಗವೇಣಿಗೆ ಫ್ರೀ ಸೀಟು ಕೂದಲೆಳೆಯಲ್ಲಿ ತಪ್ಪಿತು. ಪೇಮೆಂಟ್ ಸೀಟು ಆ ಮನೆಯವರ ಕನಸಿನಲ್ಲೂ ಬರುವಂಥದ್ದಲ್ಲ. ಬೆಳಿಗ್ಗೆ ಅದೇ ಮೇಜಿನಲ್ಲಿ ಕೂರಿಸಿದ ಹುಡುಗನಿಗೆ ಸೀಟು ಸಿಕ್ಕಿತು, ಸಿಹಿ ತಂದುಕೊಟ್ಟ. ತಿಂದೆ. ಅವನ ತಪ್ಪೇನು, ಎಲ್ಲರೂ ಮಾಡುವುದನ್ನು ಅವನೂ ಮಾಡಿದ್ದ.

ಹನುಮಂತಪ್ಪನವರು ಒಂದು ದಿನ ಡ್ಯೂಟಿ ಮುಗಿಸಿ ಹಾಗೆಯೇ ಕಾಲೇಜಿಗೆ ಬಂದರು. ಜಗಳಕ್ಕೆ ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು.

"ಇದ್ದಿದ್ ಇದ್ದಂಗೆ ಬರಿ ಅಂತ ನೀವೇ ಹೇಳಿದ್ರಂತೆ ಮೇಡಂ."

"ಹೌದು ಹನುಮಂತಪ್ಪನವರೇ."

"ಅವ್ಳು ಹಂಗೇ ಬರ್ದಳಂತೆ."

"ಹೌದು."

"ಹಂಗಾದ್ರೆ ಮಾರ್ಕ್ಸ್ ಯಾಕ್ ಮೇಡಂ ಕಮ್ಮಿ ಆಯ್ತು? ನಂಗೆ ಓದು ಬರಹ ಅಷ್ಟಕ್ಕಷ್ಟೆ. ಅರ್ಥ ಆಗ್ಲಿಲ್ಲ, ಅದ್ಕೇ ಕೇಳಣ ಅಂತ ಬಂದೆ."

ನಾನು ಸ್ಕೀಮು, ಎಕ್ಸ್‌ಟರ್ನಲ್ಲು ಎಂದೇನೋ ತೊದಲಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಆಗ್ಲಿ ಮೇಡಂ, ಬರ್ತೀನಿ" ಎಂದು ಕೈ ಮುಗಿದು ಹೋದರು. ಮೇಲಿನವರಿಗೆ ದೂರು ಬರೆದೆ. ಬಂದದ್ದು ಉತ್ತರವಲ್ಲ, ಸ್ಟಾಕ್ ತಪಾಸಣೆಗೆ ಒಬ್ಬ ಅಧಿಕಾರಿ. ಅವರು ಸ್ಕೇಲುಗಳನ್ನು ಎಣಿಸಿದರು. ಇದು ಗಿಡ್ಡ ಎಂದೆ.

"ಮೀಟರ್ ಸ್ಕೇಲ್ ಅಂತ ಎಂಟ್ರಿ ಇದೆ. ಐಟಂ ಇದೆ. ಲೆಕ್ಕ ಸರಿ ಹೋಯ್ತು ಮೇಡಂ," ಎಂದು ಸಹಿ ಹಾಕಿ ಎಳನೀರು ಕುಡಿದು ಹೋದರು.

ನಾಗವೇಣಿ ಶಿವಮೊಗ್ಗದಲ್ಲಿ ಬಿಎಸ್ಸಿಗೆ ಸೇರಿದಳು, ಆಮೇಲೆ ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಓಡಾಡಿ ಎಂಎಸ್ಸಿ ಮುಗಿಸಿದಳು ಎಂದು ಅವರಿವರಿಂದ ತಿಳಿಯಿತು. ಲೆಕ್ಚರರ್ ಆದಳು ಎಂದು ಕೇಳಿದ ದಿನ ನಾನು ಮನೆಯಲ್ಲಿ ಪಾಯಸ ಮಾಡಿದೆ. ಒಬ್ಬಳಾದರೂ ಉಳಿದಳು, ನನ್ನ ನಂತರ ಲ್ಯಾಬಿನಲ್ಲಿ ಕಣ್ಣು ಬಿಟ್ಟು ನೋಡುವವಳು ಒಬ್ಬಳಿದ್ದಾಳೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಮುಂದಿನ ವರ್ಷಗಳನ್ನು ನಾನು ಕಳೆದದ್ದೇ ಆ ಒಂದು ನಂಬಿಕೆಯ ಮೇಲೆ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನನಗೆ ಶಿವಮೊಗ್ಗಕ್ಕೇ ವರ್ಗವಾಯಿತು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಮುಳ್ಳಿನ ಸ್ಟಾಪ್‌ವಾಚ್ ಹೋಗಿ ಅಂಕಿ ತೋರಿಸುವ ವಾಚು ಬಂತು. ಸೆಕೆಂಡಿನ ನೂರನೇ ಒಂದು ಪಾಲು ಗೊತ್ತಾಗುತ್ತಿತ್ತು, ನೋಡುವವರು ಇರಲಿಲ್ಲ. ರೆಕಾರ್ಡಿಗೆ ಬೇಕಾದ ರೀಡಿಂಗುಗಳೆಲ್ಲ ಅಚ್ಚಾಗಿ ಗೈಡಿನಲ್ಲೇ ಸಿಗತೊಡಗಿದವು. ಮೊದಲಾದರೆ ಕೂರಿಸುವುದಕ್ಕಾದರೂ ಮಕ್ಕಳು ಲೆಕ್ಕ ಮಾಡಬೇಕಿತ್ತು. ಈಗ ಆ ಕಷ್ಟವೂ ತಪ್ಪಿತ್ತು. ನಾನು ಅಳೆಯಿರಿ, ಅಳೆಯಿರಿ ಎಂದು ತಲೆ ಚಚ್ಚಿಕೊಳ್ಳುತ್ತಿದ್ದರೆ ಒಬ್ಬ ತಾಯಿ ಬಂದು, "ನಮ್ಮ ಹುಡುಗನ ಟ್ಯೂಷನ್ ಟೈಮು ಹಾಳಾಗ್ತಿದೆ ಮೇಡಂ, ಸ್ವಲ್ಪ ಬೇಗ ಬಿಟ್ಬಿಡಿ" ಎಂದು ಬೇಡಿಕೊಂಡರು. ಸಹೋದ್ಯೋಗಿಗಳು ನನ್ನನ್ನು ಕಂಡರೆ ಮಾತು ಬದಲಾಯಿಸುತ್ತಿದ್ದರು. ಆದರೂ ಪ್ರತಿ ವರ್ಷ ಗಲಿಬಿಲಿ ತಾತನನ್ನು ಮೊಣಕಾಲೂರಿಸಿ, ಎಬ್ಬಿಸಿ, ಆ ಮಾತು ಹೇಳಿಸುತ್ತಿದ್ದೆ.

ನಾನು ನಿವೃತ್ತಳಾಗುವ ವರ್ಷ, ನನ್ನ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಎಕ್ಸ್‌ಟರ್ನಲ್ ಆಗಿ ಬಂದವಳು ನಾಗವೇಣಿ.

ಬಾಗಿಲಲ್ಲೇ ಬಗ್ಗಿ ಕಾಲು ಮುಟ್ಟಿದಳು. ಮೈ ತುಂಬಿಕೊಂಡಿದ್ದಳು, ಕನ್ನಡಕ ಬಂದಿತ್ತು, ಮಾತು ಚುರುಕಾಗಿತ್ತು. ಹನುಮಂತಪ್ಪನವರು ತೀರಿಕೊಂಡದ್ದನ್ನು ಹೇಳಿದಳು. ನನಗೆ ಕಣ್ಣು ತುಂಬಿತು. ಇವಳ ಕೈಗೆ ಲ್ಯಾಬು ಒಪ್ಪಿಸಿ ಹೋಗುವುದಕ್ಕಿಂತ ಇನ್ನೇನು ಬೇಕು ಎಂದು ಆ ಬೆಳಿಗ್ಗೆ ನನಗೆ ಅನ್ನಿಸಿದ್ದು ಸುಳ್ಳಲ್ಲ.

ಅವಳು ಮೇಜಿನಿಂದ ಮೇಜಿಗೆ ನಗುತ್ತ ಓಡಾಡಿದಳು. ಹೆದರಿದ ಮಕ್ಕಳ ಹೆಗಲು ತಟ್ಟಿದಳು. ಲೋಲಕದ ಮೇಜಿನಲ್ಲಿ ಒಬ್ಬ ಸಣಕಲು ಹುಡುಗಿ ಅಳುವ ಹಾಗೆ ನಿಂತಿದ್ದಳು. ಮೂರು ತಿಂಗಳಿನಿಂದ ನನ್ನ ಮಾತು ಕೇಳಿಕೊಂಡು ನಿಜವಾಗಿ ಅಳೆಯುತ್ತಿದ್ದವಳು ಆ ಬ್ಯಾಚಿನಲ್ಲಿ ಅವಳೊಬ್ಬಳೇ. ಅವಳ ಗೆರೆ ಸೊನ್ನೆಯನ್ನು ಮುಟ್ಟಿರಲಿಲ್ಲ. ನಾನು ದೂರದಿಂದಲೇ ಅದನ್ನು ಕಂಡೆ. ನಾಗವೇಣಿ ಅಲ್ಲಿ ಬಗ್ಗಿದಾಗ ನಾನು ಕೈಯಲ್ಲಿದ್ದ ಪತ್ರಿಕೆ ಕೆಳಗಿಟ್ಟೆ.

"ಯಾಕ್ ಅಳ್ತೀಯ ಪುಟ್ಟಾ? ಏನೂ ಆಗಿಲ್ಲ, ಕೊಡಿಲ್ಲಿ," ಎಂದಳು ನಾಗವೇಣಿ. ರಬ್ಬರು ತೆಗೆದು ಹುಡುಗಿ ಹಾಕಿದ್ದ ಗುರುತುಗಳನ್ನು ಒಂದೊಂದಾಗಿ ಅಳಿಸಿದಳು. ಪೆನ್ಸಿಲಿನಿಂದ ಹೊಸ ಗುರುತು ಹಾಕಿ, ಸ್ಕೇಲಿಟ್ಟು ಸೊನ್ನೆಯಿಂದ ಒಂದು ಗೆರೆ ಎಳೆದಳು. "ನೋಡು, ಹಿಂಗ್ ಹೋಗ್ಬೇಕು. ಪಟ್ಟೀಲಿ ಅಂಕಿ ಸ್ವಲ್ಪ ಸರಿ ಮಾಡ್ಕೋ, ಕೂತ್ಕೊಳುತ್ತೆ."

"ಥ್ಯಾಂಕ್ಸ್ ಮಿಸ್" ಎಂದು ಹುಡುಗಿ ಕಣ್ಣೊರೆಸಿಕೊಂಡಳು. ನಾಗವೇಣಿ ಅವಳಿಗೆ ಪೂರ್ತಿ ಅಂಕ ಹಾಕಿದಳು.

ಊಟದ ಹೊತ್ತಿಗೆ ನಾವಿಬ್ಬರೇ ಕೂತಾಗ ಕೇಳಿದೆ.

"ಆ ಸ್ಕೇಲನ್ನ ಒಂದ್ಸಲ ನೋಡಬೇಕು ಅನ್ನಿಸ್ಲಿಲ್ವಾ ನಾಗವೇಣಿ?"

ಅವಳು ಡಬ್ಬಿಯ ಮುಚ್ಚಳ ಹಾಕುತ್ತ ತಲೆಯೆತ್ತದೆ ಹೇಳಿದಳು. "ನಾನು ನೋಡಲ್ಲ ಮೇಡಂ. ನೋಡಿದ್ರೆ ಬರೀಬೇಕಾಗುತ್ತೆ."

ಡಬ್ಬಿಯನ್ನು ಚೀಲಕ್ಕೆ ಹಾಕಿದಳು. ಆಮೇಲೆ ಅವಳೇ ಅಂದಳು: "ನಮ್ಮಪ್ಪ ಸಾಯೋ ತನಕ ಕೇಳ್ತಿದ್ರು. ನೀನು ಅವತ್ತು ನಿಜವಾಗ್ಲೂ ಸರಿಯಾಗೇ ಬರ್ದಿದ್ಯಾ ಅಂತ. ನನ್ ಮೇಲೇ ಅನುಮಾನ ಬಂದುಬಿಟ್ಟಿತ್ತು ಅವರಿಗೆ. ಆ ಹುಡುಗಿ ಅಪ್ಪನೂ ಹಂಗ್ ಕೇಳೋದು ಬೇಡ ಮೇಡಂ."

ನಾನು ಗಲಿಬಿಲಿ ತಾತನ ಮೊರೆ ಹೋದೆ. ನನ್ನ ಹತ್ತಿರ ಇದ್ದದ್ದು ಅವನೊಬ್ಬನೇ. ಮೊಣಕಾಲೂರಿಸಿದರೂ ಎದ್ದು ಆ ಮಾತು ಹೇಳಿದನಲ್ಲ ಎಂದೆ.

"ಹೇಳಲಿಲ್ಲವಂತೆ ಮೇಡಂ," ಎಂದಳು ನಾಗವೇಣಿ, ನೋಯಿಸಬಾರದೆಂಬ ದನಿಯಲ್ಲಿ. "ಎಂಎಸ್ಸಿ ಓದೋವಾಗ ಲೈಬ್ರರಿಯಲ್ಲಿ ಹುಡುಕಿದೆ. ಕಂಡವರು ಯಾರೂ ಹಾಗೆ ಬರೆದಿಟ್ಟಿಲ್ಲ. ಎಷ್ಟೋ ವರ್ಷ ಆದ್ಮೇಲೆ ಯಾರೋ ಸೇರಿಸಿದ್ದಂತೆ. ಅವನು ಓದಿದ, ಸಹಿ ಹಾಕಿದ, ಮನೆಗೆ ಹೋದ. ಅಷ್ಟೇ. ಅವತ್ತು ಹೊಂಗೆ ಮರದ ಕೆಳಗೆ ನಿಮ್ಮನ್ನ ಕೇಳಿದ್ದೆ, ಕೇಳಿಸ್ಕೊಂಡವರು ಯಾರು ಅಂತ."

ಹೌದು, ಕೇಳಿದ್ದಳು. ಕಥೆಗೆ ಇಂಥ ಮುಕ್ತಾಯವೇ ಬೇಕೆಂದು ಯಾರೋ ಅದನ್ನು ಮೊದಲು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಬಂದು ಮುದುಕನ ಬಾಯಲ್ಲಿ ಕೂರಿಸಿದ್ದರು. ಇಡೀ ವೃತ್ತಿಯ ಉದ್ದಕ್ಕೂ ನಾನು ದನಿ ತಗ್ಗಿಸಿ ಮಕ್ಕಳಿಗೆ ಹಂಚಿದ್ದು ಅದನ್ನು.

ಸಂಜೆ ನಾಗವೇಣಿ ಮತ್ತೊಮ್ಮೆ ಕಾಲು ಮುಟ್ಟಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಂಗವೇಲು ಮಕ್ಕಳ ಕೈಗೆ ಚುಚ್ಚದಿರಲಿ ಎಂದು ಕುಯ್ದಿದ್ದ; ಇವಳದ್ದೂ ಅದೇ ಕರುಣೆ. ನನಗೆ ಬಂದದ್ದು ಹತಾಶೆ, ಮನೆಗೆ ಹೋಗಲೂ ಕಾಲೇಳದಂಥ ಹತಾಶೆ. ಹೊಸಬರೇ, ನಿಮಗೆ ಧೈರ್ಯ ಹೇಳುವ ಮಾತು ನನ್ನ ಹತ್ತಿರ ಇಲ್ಲ. ಇದ್ದಿದ್ದರೆ ಅವತ್ತು ನನಗೇ ಹೇಳಿಕೊಳ್ಳುತ್ತಿದ್ದೆ.

ಎಲ್ಲರೂ ಹೋದ ಮೇಲೆ ಲ್ಯಾಬಿಗೆ ಬೀಗ ಹಾಕುವ ಮುಂಚೆ ಲೋಲಕದ ಮೇಜಿನ ಹತ್ತಿರ ಹೋದೆ. ಆ ಹುಡುಗಿ ಹಿಡಿದಿದ್ದ ಸ್ಕೇಲನ್ನು ಎತ್ತಿ ಇನ್ನೊಂದರ ಪಕ್ಕ ಇಟ್ಟು ನೋಡಿದೆ. ಸ್ಕೇಲು ಪೂರ್ತಿ ಇತ್ತು. ತುದಿ ಸವೆದಿರಲಿಲ್ಲ, ಯಾರೂ ಕುಯ್ದಿರಲಿಲ್ಲ. ಹಾಗಾದರೆ ಅವಳ ಗೆರೆ ಸೊನ್ನೆಯನ್ನು ಯಾಕೆ ಮುಟ್ಟಲಿಲ್ಲ? ದಾರ ಜಾರುತ್ತಿತ್ತೋ, ವಾಚು ತಪ್ಪಿತ್ತೋ, ಇನ್ನೇನನ್ನೋ ಅವಳು ಕಂಡಿದ್ದಳೋ. ನೋಡೋಣವೆಂದು ಕಟ್ಟು ಬಿಚ್ಚಿ ಅವಳ ಪತ್ರಿಕೆ ತೆಗೆದೆ. ಪಟ್ಟಿಯ ಅಂಕಿಗಳೆಲ್ಲ ತಿದ್ದಿಯಾಗಿತ್ತು. ಗ್ರಾಫಿನಲ್ಲಿ ಸೊನ್ನೆಯಿಂದ ಹೊರಟ ಚೆಂದದ ಗೆರೆ ಇತ್ತು. ಹುಡುಗಿ ಮೊದಲು ಹಾಕಿದ್ದ ಗುರುತುಗಳಿಗಾಗಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದೆ. ನಾಗವೇಣಿ ಚೆನ್ನಾಗಿ ಅಳಿಸಿದ್ದಳು.